ನಾಡಿನ ಮೊದಲಿಗರು
(ತುಳುನಾಡಿನ ಕೊರಗರನ್ನು ಕುರಿತು)

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಮಂಗಳೂರಿನ ಶಾಲೆಗಳಲ್ಲಿ ಕನ್ನಡ ಪಂಡಿತನಿಗೆ ಬಿಡುವೆಂಬುದಿಲ್ಲ. ಮಕ್ಕಳಿಗೆ ನಾಡಗೀತೆಯನ್ನು ತಾಳ ತಪ್ಪದಂತೆ ಹೇಳಿಕೊಡಬೇಕು, ಭಾಷಣ ಬರೆದುಕೊಡಬೇಕು, ಬಣ್ಣದ ಕಾಗದದ ತೋರಣ ಕಟ್ಟಿಸಬೇಕು. ಅಂಥ ಒಂದು ಸಂಭ್ರಮದ ಮುನ್ನಾ ವಾರದಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದೆ: “ನಮ್ಮ ನಾಡಿನ ಮೊದಲಿಗರು ಯಾರು?” ಒಬ್ಬ ಎದ್ದು ಕದಂಬರು ಎಂದ. ಇನ್ನೊಬ್ಬಳು ಮಯೂರವರ್ಮ ಎಂದಳು. ಮೂರನೆಯವನು ನಮ್ಮ ಜಿಲ್ಲೆಯ ಅಭಿಮಾನದಿಂದ ಆಳುಪರು ಎಂದ. ಉತ್ತರಗಳೆಲ್ಲ ಪುಸ್ತಕಕ್ಕೆ ಸರಿ. ಆದರೆ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗ ತಲೆ ತಗ್ಗಿಸಿ ಉಗುರನ್ನು ನೋಡುತ್ತಿದ್ದ. ಅವನ ಅಜ್ಜಿ ಬುಟ್ಟಿ ಹೆಣೆಯುವವಳು. ಅವನು ಕೊರಗರ ಮನೆಯ ಹುಡುಗ. ಪ್ರಶ್ನೆಯನ್ನು ಕೇಳಿದವನು ನಾನೇ ಆದರೂ ಉತ್ತರ ನನ್ನೆದುರಿಗೇ ಕುಳಿತಿದೆ ಎಂಬುದು ನನಗೆ ಹೊಳೆದದ್ದು ಗಂಟೆ ಬಾರಿಸಿದ ಮೇಲೆ.

ಆ ಹೊತ್ತಿನಿಂದ ನನ್ನ ಮನಸ್ಸಿನಲ್ಲಿ ಕುಳಿತಿರುವ ವಿಚಾರವನ್ನು ಇಲ್ಲಿ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನಾಡಿನ ಪರಂಪರೆಯನ್ನು ಕೊಂಡಾಡುವಾಗ ಆ ಪರಂಪರೆಯನ್ನು ಹೊತ್ತವರು ಎಲ್ಲಿ ನಿಂತಿದ್ದಾರೆ ಎಂದು ತಿರುಗಿ ನೋಡುವುದು ಬೇಡವೆ?

ಈ ಪ್ರಶ್ನೆ ನಮಗೊಬ್ಬರಿಗೇ ಎದುರಾದದ್ದಲ್ಲ. ದೂರದ ಅಮೆರಿಕವನ್ನು ನೋಡಿ. ಅಲ್ಲಿಯ ಐವತ್ತು ಸಂಸ್ಥಾನಗಳಲ್ಲಿ ಸುಮಾರು ಅರ್ಧದಷ್ಟರ ಹೆಸರುಗಳು ಅಲ್ಲಿಯ ಮೂಲನಿವಾಸಿಗಳ ಮಾತಿನಿಂದ ಬಂದವು. ‘ಡಕೋಟ’ ಎಂದರೆ ಆ ಜನರ ಭಾಷೆಯಲ್ಲಿ ಮಿತ್ರ; ‘ಓಕ್ಲಹೋಮ’ ಎಂದರೆ ಚಾಕ್ಟಾ ಜನರ ನುಡಿಯಲ್ಲಿ ಕೆಂಪು ಜನ. ನೆಲ ಕೈಬಿಟ್ಟು ಹೋದರೂ ಹೆಸರು ಉಳಿಯಿತು. 1990ರಲ್ಲಿ ದಕ್ಷಿಣ ಡಕೋಟ ಸಂಸ್ಥಾನವು ಕೊಲಂಬಸನ ದಿನವನ್ನು ಬಿಟ್ಟು ಅದೇ ದಿನವನ್ನು ಮೂಲನಿವಾಸಿಗಳ ದಿನವೆಂದು ಆಚರಿಸತೊಡಗಿತು. ಅದೇ ವರ್ಷ ಇಡೀ ದೇಶಕ್ಕೆ ನವೆಂಬರ್ ತಿಂಗಳು ಮೂಲನಿವಾಸಿಗಳ ಪರಂಪರೆಯ ತಿಂಗಳೆಂದು ಘೋಷಣೆಯಾಯಿತು. ನಮ್ಮ ರಾಜ್ಯೋತ್ಸವದ ತಿಂಗಳೂ ಅದೇ.

ಅಲ್ಲಿಯ ಒಂದು ಕಥೆ ಅಕ್ಷರ ಕಲಿಸುವ ನನ್ನಂಥವನನ್ನು ಬಹಳ ಕಾಡುತ್ತದೆ. ಚೆರೋಕಿ ಎಂಬ ಜನಾಂಗದಲ್ಲಿ ಸೆಕ್ವೋಯ ಎಂಬ ಅಕ್ಕಸಾಲಿಗನಿದ್ದ. ಇಂಗ್ಲಿಷ್ ಓದಲು ಬಾರದಿದ್ದರೂ ಅವನು ತನ್ನ ಭಾಷೆಗೆ ತಾನೇ ಲಿಪಿಯೊಂದನ್ನು ಕಟ್ಟಿ 1821ರ ಹೊತ್ತಿಗೆ ಮುಗಿಸಿದ. ನಮ್ಮ ಕಾಗುಣಿತದ ಹಾಗೆ ಒಂದೊಂದು ಗುರುತಿಗೆ ಒಂದೊಂದು ಉಚ್ಚಾರ. 1828ರಲ್ಲಿ ಆ ಲಿಪಿಯಲ್ಲಿ ವರ್ತಮಾನ ಪತ್ರಿಕೆಯೇ ಹೊರಟಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ನಮ್ಮ ಊರಿನಲ್ಲಿ ಅಚ್ಚಾದದ್ದು 1843ರಲ್ಲಿ. ಅವರು ನಮಗಿಂತ 15 ವರ್ಷ ಮುಂದೆ! ಆದರೆ ಅವರ ನೆಲದಲ್ಲಿ ಚಿನ್ನ ಸಿಕ್ಕಿತು. 1830ರಲ್ಲಿ ಅವರನ್ನು ಎಬ್ಬಿಸಲು ಕಾಯಿದೆಯಾಯಿತು. 1838-39ರಲ್ಲಿ ಮಿಸಿಸಿಪ್ಪಿ ನದಿಯಾಚೆಗೆ, ಈಗಿನ ಓಕ್ಲಹೋಮಕ್ಕೆ ಅವರನ್ನು ಅಟ್ಟಿದರು. ಸಾವಿರಾರು ಮಂದಿ ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ಸತ್ತರು. ಅಕ್ಷರವಿದ್ದೂ, ಪತ್ರಿಕೆಯಿದ್ದೂ ನೆಲ ಉಳಿಯಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಅಂಗಳಕ್ಕೆ ಬರೋಣ. ಕರ್ನಾಟಕದಲ್ಲಿ ಅರಣ್ಯವನ್ನೂ ಬೆಟ್ಟವನ್ನೂ ನಂಬಿ ಬಾಳಿದ ಜನ ಹಲವರು: ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕೊಡಗು ಮೈಸೂರು ಸೀಮೆಯ ಜೇನುಕುರುಬರು, ಉತ್ತರ ಕನ್ನಡದ ಸಿದ್ದಿಯರು, ನಮ್ಮ ಘಟ್ಟದ ತಪ್ಪಲಿನ ಮಲೆಕುಡಿಯರು. ಇವರಲ್ಲಿ ಭಾರತ ಸರಕಾರ ‘ವಿಶೇಷ ದುರ್ಬಲ’ ಬುಡಕಟ್ಟುಗಳೆಂದು ಗುರುತಿಸಿದ್ದು ಎರಡನ್ನು ಮಾತ್ರ. ಒಂದು ಜೇನುಕುರುಬ, ಇನ್ನೊಂದು ಕೊರಗ. ಇಡೀ ದೇಶದಲ್ಲಿ ಇಂಥ 75 ಬುಡಕಟ್ಟುಗಳಿವೆ. ಕೊರಗರು ಹೆಚ್ಚಾಗಿ ಇರುವುದು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ. 1956ರಲ್ಲಿ ಗೆರೆ ಎಳೆದಾಗ ಕಾಸರಗೋಡಿನ ಕೊರಗರು ಕೇರಳಕ್ಕೆ ಸೇರಿದರು. 2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 16,071, 2011ರಲ್ಲಿ 14,794. ಉಳಿದವರೆಲ್ಲ ಹೆಚ್ಚುತ್ತಿರುವ ನಾಡಿನಲ್ಲಿ ಇವರ ಲೆಕ್ಕ ಮಾತ್ರ ಇಳಿಯಿತು. ಪೌಷ್ಟಿಕ ಆಹಾರದ ಕೊರತೆ, ರಕ್ತಹೀನತೆ, ಕ್ಷಯ, ಕುಡಿತ ಇವೆಲ್ಲ ಸೇರಿ ಅವರ ಆಯುಸ್ಸನ್ನು ಕಡಿಮೆ ಮಾಡಿವೆ.

ಕೊರಗರಲ್ಲಿ ಒಂದು ಐತಿಹ್ಯ ಉಂಟು. ಅವರ ಪೂರ್ವದಲ್ಲಿ ಹುಬಾಶಿಕ ಎಂಬ ಅರಸನಿದ್ದನಂತೆ. ಅವನು ಮಯೂರವರ್ಮನನ್ನೇ ಸೋಲಿಸಿ ತುಳುನಾಡನ್ನು ಆಳಿದನಂತೆ. ಆಮೇಲೆ ಮದುವೆಯ ನೆಪದಲ್ಲಿ ಕರೆಸಿ ಅವರನ್ನು ಮೋಸದಿಂದ ಕೊಂದರಂತೆ. ಉಳಿದವರು ಕಾಡು ಸೇರಿದರಂತೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯನೂ ಈ ಅರಸನ ಮಾತನ್ನು ಬರೆದಿಟ್ಟಿದ್ದಾನೆ. ಇದು ಶಾಸನದಿಂದ ಸಿದ್ಧವಾದ ಚರಿತ್ರೆಯಲ್ಲ. ಆದರೂ ಒಂದು ಜನ ತನ್ನನ್ನು ತಾನು ಸೋತ ಅರಸನ ಮಕ್ಕಳೆಂದು ನೆನೆಯುತ್ತದೆ ಎಂಬುದೇನು ಸಣ್ಣ ಸಂಗತಿಯೆ? ನನ್ನ ತರಗತಿಯ ಹುಡುಗಿ ಮಯೂರವರ್ಮ ಎಂದಾಗ ಆ ಹುಡುಗನ ಮನೆಯ ಕಥೆಯಲ್ಲಿ ಮಯೂರವರ್ಮ ಎದುರಾಳಿ.

ಅವರ ಪಂಗಡಗಳ ಹೆಸರುಗಳಲ್ಲಿಯೂ ಚರಿತ್ರೆ ಅಡಗಿದೆ. ‘ತಪ್ಪು ಕೊರಗ’ ಎಂಬಲ್ಲಿ ತಪ್ಪು ಎಂದರೆ ದೋಷವಲ್ಲ. ತುಳುವಿನ ತಪ್ಪು ಎಂದರೆ ಕನ್ನಡದ ಸೊಪ್ಪು. ಸೊಪ್ಪನ್ನು ಉಡುಗೆಯಾಗಿ ಧರಿಸುತ್ತಿದ್ದವರು ಎಂದು ಅರ್ಥ. ಬಟ್ಟೆ ಉಡಲು ಶಕ್ತಿ ಬಂದ ಮೇಲೆಯೂ ಹೆಂಗಸರು ಬಟ್ಟೆಯ ಮೇಲೆ ಸೊಪ್ಪನ್ನು ಕಟ್ಟಿಕೊಳ್ಳಬೇಕಾಗಿತ್ತೆಂದು ಹಿಂದಿನ ಶತಮಾನಗಳಲ್ಲಿ ಕಂಡವರು ಬರೆದಿದ್ದಾರೆ. ‘ಅಂಡೆ ಕೊರಗ’ ಎಂಬ ಹೆಸರು ಇನ್ನೂ ಕಠಿನ. ಅವರ ಎಂಜಲು ದಾರಿಗೆ ಬೀಳಬಾರದೆಂದು ಕೊರಳಿಗೆ ಒಂದು ಅಂಡೆಯನ್ನು ತೂಗಹಾಕಿಸುತ್ತಿದ್ದರು. ಇನ್ನು ‘ಕೊರಗ’ ಎಂಬ ಶಬ್ದವನ್ನು ‘ಕೊರಗು’ ಎಂಬ ಕನ್ನಡ ಧಾತುವಿಗೆ ಗಂಟು ಹಾಕಿ ಶ್ಲೇಷೆ ಮಾಡುವವರಿದ್ದಾರೆ. ಸದ್ದು ಹೋಲಿದ ಮಾತ್ರಕ್ಕೆ ವ್ಯುತ್ಪತ್ತಿ ಹೇಳುವುದು ವ್ಯಾಕರಣಕ್ಕೆ ಒಪ್ಪದು. ಒಬ್ಬರ ಹೆಸರನ್ನು ನಗೆಗೆ ಬಳಸುವುದು ಸಭ್ಯತೆಗೂ ಒಪ್ಪದು.

ಅವರಿಗೆ ತಮ್ಮದೇ ಭಾಷೆ ಉಂಟೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹೊರಗಿನವರೊಡನೆ ಅವರು ತುಳು ಆಡುತ್ತಾರೆ, ಕುಂದಾಪುರದ ಕಡೆ ಕನ್ನಡ ಆಡುತ್ತಾರೆ. ಆದುದರಿಂದ ಅದೇ ಅವರ ಮಾತೆಂದು ನಾವು ತಿಳಿದೆವು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಅವರ ನಡುವೆ ಕುಳಿತು ಆ ನುಡಿಯನ್ನು ಕೇಳಿ, 1971ರಲ್ಲಿ ಕೊರಗ ಭಾಷೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಒಂಟಿ, ತಪ್ಪು, ಮುದು ಎಂಬ ಮೂರು ಬಗೆಗಳನ್ನು ಅದರಲ್ಲಿ ವಿವರಿಸಿದರು. ಅದು ದ್ರಾವಿಡ ಬಳಗದ ಸ್ವತಂತ್ರ ಭಾಷೆ. ಲಿಪಿಯಿಲ್ಲ. ಮನೆಯೊಳಗಿನ ಹಿರಿಯರ ನಾಲಗೆಯೇ ಅದಕ್ಕೆ ಗ್ರಂಥಾಲಯ.

ಇನ್ನು ಅವರ ಕೈಕೆಲಸ. ನೀವು ಮಂಗಳೂರಿನ ಮನೆಯವರಾದರೆ ನಿಮ್ಮ ಅಜ್ಜಿಯ ಅಡಿಗೆಮನೆಯಲ್ಲಿ ‘ಕುಡುಪು’ ಇದ್ದೇ ಇತ್ತು. ಕುಚ್ಚಲಕ್ಕಿ ಬೆಂದ ಮೇಲೆ ಮಡಕೆಯ ಬಾಯಿಗೆ ಅದನ್ನಿಟ್ಟು ಮಡಕೆಯನ್ನು ಬಗ್ಗಿಸಿದರೆ ಗಂಜಿ ತಿಳಿ ಇಳಿಯುತ್ತದೆ, ಅನ್ನ ಒಳಗೆ ಉಳಿಯುತ್ತದೆ. ಕಾಡಿನ ಬಳ್ಳಿಯನ್ನು ತಂದು, ಹದಮಾಡಿ, ಕಣ್ಣಳತೆಯಲ್ಲಿ ಹೆಣೆದದ್ದು ಅದು. ಆವಿ, ಬಿಸಿ, ನೀರು ಯಾವುದಕ್ಕೂ ಜಗ್ಗದೆ ವರ್ಷಗಟ್ಟಲೆ ಬಾಳುತ್ತದೆ. ಮಂಗಳೂರಿನ ಹತ್ತಿರದ ಕುಡುಪು ಕ್ಷೇತ್ರದ ಹೆಸರಿಗೂ ಇದೇ ಬುಟ್ಟಿಯೇ ಮೂಲವೆಂದು ಸ್ಥಳಪುರಾಣ ಹೇಳುತ್ತದೆ. ಗೊಬ್ಬರ ಹೊರುವ ಬುಟ್ಟಿ, ಭತ್ತ ಅಳೆಯುವ ಕುರುವೆ, ಮೀನಿನ ಬುಟ್ಟಿ, ತೊಟ್ಟಿಲು ಹೀಗೆ ತುಳುನಾಡಿನ ಬೇಸಾಯವೂ ಬಾಣಂತನವೂ ಕೊರಗರ ಬೆರಳುಗಳ ಮೇಲೆ ನಡೆದವು.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಗೆ ಒಬ್ಬ ಮುದುಕಿ ಕುಡುಪು ತರುತ್ತಿದ್ದಳು. ಅದನ್ನು ಅಂಗಳದ ಅಂಚಿನಲ್ಲಿಟ್ಟು ಹತ್ತು ಮಾರು ದೂರ ಸರಿದು ನಿಲ್ಲುತ್ತಿದ್ದಳು. ನಮ್ಮ ಅಜ್ಜಿ ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದಳು; ಅಕ್ಕಿಯನ್ನು ನೆಲದ ಮೇಲಿನ ಬಾಳೆಲೆಗೆ ಸುರಿಯುತ್ತಿದ್ದಳು. ಆ ಕುಡುಪಿನಲ್ಲಿ ಬಸಿದ ಅನ್ನವನ್ನು ನಾವೆಲ್ಲ ಉಂಡೆವು. ಮುದುಕಿಯ ಹೆಸರನ್ನು ಮಾತ್ರ ನಾವು ಯಾರೂ ಕೇಳಲಿಲ್ಲ. ಅಜ್ಜಿ ಕೆಟ್ಟವಳಲ್ಲ, ಹಸಿದು ಬಂದವರನ್ನು ಹಾಗೆಯೇ ಕಳುಹಿಸಿದವಳಲ್ಲ. ಕೆಟ್ಟ ರೂಢಿಗೆ ಕೆಟ್ಟವರೇ ಬೇಕಾಗಿಲ್ಲ ಎಂಬುದು ನನಗೆ ಈ ವಯಸ್ಸಿಗೆ ತಿಳಿದ ಪಾಠ.

ಈ ರೂಢಿಯ ಪರಮಾವಧಿಗೆ ‘ಅಜಲು’ ಎಂದು ಹೆಸರು. ಗರ್ಭಿಣಿಯರಿಗೆ, ರೋಗಿಗಳಿಗೆ ಅನಿಷ್ಟ ತಟ್ಟಬಾರದೆಂದು ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು. ಮನೆಯ ಕೇಡೆಲ್ಲ ಅವರ ಹೊಟ್ಟೆಗೆ ಹೋಯಿತೆಂದು ತಾವು ಹಗುರಾಗುವುದು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಬೆಳಗಿನ ತನಕ ಅವರನ್ನು ಕೂರಿಸಿ ಡೋಲು ಬಾರಿಸಿ ಹಾಡಿಸುವುದು. ಇದನ್ನು ತುಳುವಿನಲ್ಲಿ ‘ಪನಿ ಕುಲ್ಲುನಿ’ ಎನ್ನುತ್ತಾರೆ, ಪನಿಯಲ್ಲಿ ಕುಳಿತುಕೊಳ್ಳುವುದು ಎಂದರ್ಥ. ಬೆಳಗಾದ ಮೇಲೆ ಕೋಣಗಳಿಗಿಂತ ಮೊದಲು ಅವರನ್ನು ಕೆಸರಿನಲ್ಲಿ ಓಡಿಸುವುದು. ಕೋಣದ ಕಾಲಿಗೆ ಮುಳ್ಳು ನಟ್ಟೀತೆಂಬ ಚಿಂತೆ. ಮನುಷ್ಯನ ಕಾಲಿಗೆ ನಟ್ಟರೆ ಚಿಂತೆಯಿಲ್ಲ! ಇವೆಲ್ಲವನ್ನೂ ಅಪರಾಧವೆಂದು ಸಾರಿದ ‘ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಅಧಿನಿಯಮ’ ಬಂದದ್ದು 2000ದಲ್ಲಿ. ಸಂವಿಧಾನ ಜಾರಿಗೆ ಬಂದು ಆಗಲೇ 50 ವರ್ಷ ಕಳೆದಿತ್ತು.

ಇದರ ಮಗ್ಗುಲಲ್ಲೇ ಇನ್ನೊಂದು ವಿಚಿತ್ರವನ್ನು ನೋಡಿ. ಹುಟ್ಟಿದ ಮಕ್ಕಳೆಲ್ಲ ಒಂದೊಂದಾಗಿ ತೀರಿಕೊಂಡರೆ, ಮುಂದೆ ಹುಟ್ಟಿದ ಕೂಸನ್ನು ಕೊರಗರ ಹೆಂಗಸಿನ ಮಡಿಲಲ್ಲಿಟ್ಟು ಹಿಂದಕ್ಕೆ ಪಡೆದು, ಗಂಡಾದರೆ ‘ಕೊರಗ’, ಹೆಣ್ಣಾದರೆ ‘ಕೊರಪೊಳು’ ಎಂದು ಕರೆಯುವ ಪದ್ಧತಿ ಇತರ ಜಾತಿಗಳಲ್ಲಿತ್ತು. ಮೃತ್ಯುವೂ ಅಂಥ ಮಗುವನ್ನು ಮುಟ್ಟುವುದಿಲ್ಲವೆಂಬ ನಂಬಿಕೆ. ನಮ್ಮ ಹಳೆಯ ತಲೆಮಾರಿನ ಕೊರಗಪ್ಪ, ಕೊರಗ ಶೆಟ್ಟಿ ಮುಂತಾದ ಹೆಸರುಗಳನ್ನು ಕೇಳಿದವರಿಗೆ ಇದು ತಿಳಿದೀತು. ಕೇಡನ್ನು ನುಂಗುವುದಕ್ಕೂ ಅವರು, ಕೂಸನ್ನು ಉಳಿಸುವುದಕ್ಕೂ ಅವರು. ಅಂಗಳಕ್ಕೆ ಮಾತ್ರ ಅವರು ಬರಕೂಡದು.

ದೈವದ ವಿಷಯವೂ ಹಾಗೆಯೇ. ಕೊರಗಜ್ಜನ ಹೆಸರು ಕೇಳದ ಮಂಗಳೂರಿಗರಿಲ್ಲ. ಆಟೋರಿಕ್ಷಾದ ಗಾಜಿನ ಮೇಲೆ ಅಜ್ಜನ ಹೆಸರು. ಕಳೆದ ವಸ್ತು ಸಿಕ್ಕಿದರೆ ಅಜ್ಜನಿಗೆ ಚಕ್ಕುಲಿ, ವೀಳ್ಯ, ಕಳ್ಳು. ಕುತ್ತಾರಿನ ಕಟ್ಟೆಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಆ ಅಜ್ಜ ಯಾರು? ಪಾಡ್ದನದ ಪ್ರಕಾರ ಅವನು ತನಿಯ ಎಂಬ ಅನಾಥ ಕೊರಗ ಹುಡುಗ. ಮೈರಕ್ಕೆ ಬೈದೆದಿ ಎಂಬ ತಾಯಿ ಅವನನ್ನು ಕರೆತಂದು ಸಾಕಿದಳು. ಹಲವು ಆಳುಗಳು ಹೊರುವ ಹೊರೆಯನ್ನು ಅವನೊಬ್ಬನೇ ಹೊತ್ತು ದೇವಸ್ಥಾನಕ್ಕೆ ಒಯ್ದ. ಹೊರೆ ಒಳಕ್ಕೆ ಹೋಯಿತು, ಹೊತ್ತವನನ್ನು ಹೊರಗೆ ನಿಲ್ಲಿಸಿದರು. ಅಲ್ಲಿಯ ಹಣ್ಣೊಂದಕ್ಕೆ ಕೈಚಾಚಿ ಅವನು ಮಾಯವಾದ, ದೈವವಾದ. ಹಾಡುವವರಿಂದ ಹಾಡುವವರಿಗೆ ಪಾಠದಲ್ಲಿ ವ್ಯತ್ಯಾಸವುಂಟು; ಹೊರಗೆ ನಿಲ್ಲಿಸಿದ ಮಾತು ಮಾತ್ರ ಉಳಿದುಕೊಂಡು ಬಂದಿದೆ. ಮಾಯವಾದ ಕೊರಗನಿಗೆ ಕೈಮುಗಿಯುವುದು ಸುಲಭ. ಕಣ್ಣೆದುರಿಗೆ ಇರುವ ಕೊರಗನಿಗೆ ಕುರ್ಚಿ ಕೊಡುವುದು ನಮಗೆ ಕಷ್ಟವಾಯಿತು.

ಎಲ್ಲರಿಗೂ ಕಷ್ಟವಾಯಿತೆಂದರೆ ಅನ್ಯಾಯವಾದೀತು. ಕುದ್ಮುಲ್ ರಂಗರಾಯರನ್ನು ಇಲ್ಲಿ ನೆನೆಯಬೇಕು. 1859ರಲ್ಲಿ ಹುಟ್ಟಿದ ಅವರು 1897ರಲ್ಲಿ ಮಂಗಳೂರಿನಲ್ಲಿ ದೀನದಲಿತರ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿದರು. ಶಾಲೆ ತೆರೆದರು, ನೇಯ್ಗೆ ಮೊದಲಾದ ಕಸುಬು ಕಲಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಬಗ್ಗಲಿಲ್ಲ. ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ದೊಡ್ಡ ಅಧಿಕಾರಕ್ಕೇರಿ ಕಾರಿನಲ್ಲಿ ಹೋಗುವಾಗ ಆ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅವರ ಆಶೆಯಾಗಿತ್ತು. 1928ರಲ್ಲಿ ತೀರಿಕೊಂಡರು. ಮಂಗಳೂರಿನ ಪುರಭವನಕ್ಕೆ ಈಗ ಅವರದೇ ಹೆಸರು.

ಆದರೆ ಶಾಲೆಯೊಂದೇ ಸಾಲದು. ಮೊದಲು ಹೇಳಿದ ಚೆರೋಕಿ ಜನರ ಕಥೆಯನ್ನು ನೆನಪಿಸಿಕೊಳ್ಳಿ. ಕೊರಗರ ಹಿರಿಯರು ತಾವೇ ಸಂಘ ಕಟ್ಟಿ ಮೊದಲು ಕೇಳಿದ್ದು ಭೂಮಿಯನ್ನು. ಕಾಡಿಗೆ ಕಟ್ಟುಪಾಡು ಬಂದು ಬಳ್ಳಿ ಸಿಗುವುದು ದುರ್ಲಭವಾಯಿತು. ಪ್ಲಾಸ್ಟಿಕ್ ಬುಟ್ಟಿ ಬಂದು ಹೆಣೆದ ಬುಟ್ಟಿಗೆ ಬೆಲೆ ಇಳಿಯಿತು. ಬೇಸಾಯಕ್ಕೆ ಅಂಗೈಯಗಲ ನೆಲವಿಲ್ಲದವನಿಗೆ ಉಳಿದದ್ದು ಪಟ್ಟಣದ ಕಸ ಗುಡಿಸುವ ಕೆಲಸ. 1994ರ ಡಾಕ್ಟರ್ ಮಹಮ್ಮದ್ ಪೀರ್ ವರದಿ ಪ್ರತಿಯೊಂದು ಕುಟುಂಬಕ್ಕೂ ಎರಡೂವರೆ ಎಕರೆ ಸಾಗುವಳಿ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಕೆಲವರಿಗೆ ಸಿಕ್ಕಿತು, ಹಲವರು ಇನ್ನೂ ಕಾಯುತ್ತಿದ್ದಾರೆ. ನೆಲದ ಹಕ್ಕು ದೊರಕಿಸಲಾರದ್ದೇನೂ ಅಲ್ಲ. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. 2023ರ ನವೆಂಬರ್ 15ರಂದು, ಬಿರ್ಸಾ ಮುಂಡಾ ಜಯಂತಿಯ ದಿನ, ದೇಶದ ಆ 75 ಬುಡಕಟ್ಟುಗಳ ಮನೆ, ನೀರು, ರಸ್ತೆ, ಆರೋಗ್ಯಕ್ಕಾಗಿ ಕೇಂದ್ರ ಸರಕಾರ ಪ್ರತ್ಯೇಕ ಯೋಜನೆಯೊಂದನ್ನು ಆರಂಭಿಸಿತು. ಕೊರಗರಲ್ಲಿಯೂ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವಷ್ಟು ಓದಿದವರು ಬಂದಿದ್ದಾರೆ. ರಂಗರಾಯರು ಕಂಡ ಕನಸಿನ ಧೂಳು ಎದ್ದಿದೆ. ದಾರಿ ಇನ್ನೂ ಉದ್ದವಿದೆ.

ಇಷ್ಟೆಲ್ಲ ಓದಿದ ಮೇಲೆ, ಮನೆಯಲ್ಲಿ ಕುಳಿತು ರೇಡಿಯೋ ಕೇಳುವ ನಾವು ಮಾಡುವುದೇನು ಎಂದು ನೀವು ಕೇಳಬಹುದು. ಸಣ್ಣ ಕೆಲಸಗಳೇ ಉಂಟು. ರಾಜ್ಯೋತ್ಸವದ ಮೆರವಣಿಗೆಗೆ ಡೋಲಿನವರನ್ನು ಕರೆದರೆ ಬಿಸಿಲಿನಲ್ಲಿ ನಡೆಸಿ ಕಳುಹಿಸಬೇಡಿ. ವೇದಿಕೆಗೆ ಹತ್ತಿಸಿ, ಕೂರಿಸಿ, ಮಾತಾಡಲು ಬಿಡಿ. ಸಂಭಾವನೆಯನ್ನು ಕೈಗೆ ಕೊಡಿ, ದೂರದಿಂದ ಹಾಕಬೇಡಿ. ಎಲ್ಲಿಯಾದರೂ ಅಜಲಿನ ಅವಶೇಷ ಕಂಡರೆ ‘ಹಿಂದಿನಿಂದ ಬಂದದ್ದು’ ಎಂದು ಸುಮ್ಮನಿರಬೇಡಿ. ಅದು ಕಾನೂನಿನ ಪ್ರಕಾರ ಅಪರಾಧ, ಅಧಿಕಾರಿಗಳಿಗೆ ತಿಳಿಸಿ. ಕುಡುಪು ಕೊಂಡರೆ ಚೌಕಾಶಿ ಮಾಡುವ ಮೊದಲು ಹೆಣೆದವರ ಹೆಸರು ಕೇಳಿ. ಬಾನುಲಿಯಲ್ಲಿ ಡೋಲಿನ ನಾದ ಬಂದಾಗ ಅದು ಹಬ್ಬದ ಸದ್ದು ಮಾತ್ರವಲ್ಲ, ಒಂದು ಜನದ ನೆನಪೆಂದು ಮಕ್ಕಳಿಗೆ ಹೇಳಿ.

ನನ್ನ ತರಗತಿಯ ಮಾತಿಗೆ ಬರುತ್ತೇನೆ. ಮರುದಿನ ನಾನು ಆ ಹುಡುಗನನ್ನು ಕರೆದು, “ನಿನ್ನ ಅಜ್ಜಿ ಹೆಣೆದ ಕುಡುಪು ಒಂದಿದ್ದರೆ ಶಾಲೆಗೆ ತರುತ್ತೀಯಾ?” ಎಂದು ಕೇಳಿದೆ. ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ತಂದ. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಒಬ್ಬಳು, “ಇದಕ್ಕೆ ನಿಮ್ಮ ಮಾತಿನಲ್ಲಿ ಏನನ್ನುತ್ತಾರೆ?” ಎಂದು ಕೇಳಿದಳು. ಅವನು ಮೆಲ್ಲಗೆ ಹೇಳಿದ. ನಾನು ಮೂವತ್ತು ವರ್ಷ ಕನ್ನಡ ಕಲಿಸಿದವನು. ಆ ಶಬ್ದವನ್ನು ಕೇಳಿದ್ದು ಅದೇ ಮೊದಲು. ಅದನ್ನು ಬರೆಯುವುದು ಹೇಗೆಂದು ಅವನನ್ನೇ ಎರಡು ಸಲ ಕೇಳಿ ಹಲಗೆಯ ಮೇಲೆ ಬರೆದೆ. ಮೊದಲ ಸಲ ನಾನು ತಪ್ಪು ಬರೆದಿದ್ದೆ. ಅವನು ತಿದ್ದಿದ.